ಎರೆಭೂತವಿಲ್ಲದ ಪಟ್ಟಿ

ಅಳಿವಿನಂಚಿನ ಎರೆಭೂತ ಹಕ್ಕಿ ಇರುವ ಕಡೆ ಗಾಳಿಯಂತ್ರ ತಿರುಗಬಾರದು. ನಿಯಮ ಇಷ್ಟೇ. ತೊಂದರೆ ಏನೆಂದರೆ, ಹಕ್ಕಿ ಎಲ್ಲಿದೆ ಎಂಬುದು ಯಂತ್ರಕ್ಕೆ ತಿಳಿಯುತ್ತಿರಲಿಲ್ಲ. ಗೋಪುರಗಳಿಗೆ ರಾಡಾರ್ ಕೂರಿಸಿ ನೋಡಿದರು. ಎರೆಭೂತಕ್ಕೂ ಕೊಕ್ಕರೆಗೂ ಇರುವ ವ್ಯತ್ಯಾಸ ಅದಕ್ಕೆ ಗೊತ್ತಾಗಲಿಲ್ಲ. ಕ್ಯಾಮೆರಾ ಇಟ್ಟರು. ಮೂರಡಿ ಎತ್ತರದ ಈ ಹಕ್ಕಿ ಹಗಲಿನ ಬಹುಪಾಲನ್ನು ಹುಲ್ಲಿನೊಳಗೆ ನಡೆದೇ ಕಳೆಯುತ್ತದೆ. ಮೇಲಿನಿಂದ ನೋಡುವ ಕ್ಯಾಮೆರಾಕ್ಕೆ ಅದೊಂದು ಒಣಗಿದ ಪೊದೆ. ಕಡೆಗೆ, ಬೆಳಗಾದರೆ ದುರ್ಬೀನು ಹಿಡಿದು ಹೊಲ ಅಲೆಯುವ ಜನ ಹೇಗೂ ಇದ್ದಾರೆ, ಅವರ ಕಣ್ಣನ್ನೇ ಬಳಸಿಕೊಂಡರಾಯಿತು ಎಂದು ತೀರ್ಮಾನವಾಯಿತು.

ಹಾಗೆ ಬಂದದ್ದು 'ಕಾವಲು' ಎಂಬ ತಂತ್ರಾಂಶ. ಹಕ್ಕಿ ನೋಡುವವರು ತಾವು ಕಂಡದ್ದನ್ನು ಮೊಬೈಲಿನಲ್ಲಿ ದಾಖಲಿಸುತ್ತಾರೆ. ಎರೆಭೂತ ಕಂಡಿತೆಂದು ದಾಖಲೆ ಬಂದ ಕೂಡಲೇ ನಕ್ಷೆಯಲ್ಲಿ ಆ ಜಾಗದ ಸುತ್ತ ಕೆಂಪು ವೃತ್ತ ಮೂಡುತ್ತದೆ, ವೃತ್ತದೊಳಗಿನ ಯಂತ್ರಗಳು ತಾವಾಗಿ ನಿಲ್ಲುತ್ತವೆ. ಹೊಸ ಸುದ್ದಿ ಬರದಿದ್ದರೆ ವೃತ್ತ ಕಿತ್ತಳೆಯಾಗಿ, ಹಳದಿಯಾಗಿ, ಕೊನೆಗೆ ಹಸಿರಾಗುತ್ತದೆ. ಆಗ ಯಂತ್ರಗಳ ಬಿಡುಗಡೆ. ಯಾರೂ ಏನೂ ಹೇಳದಿದ್ದರೆ ಇದಕ್ಕೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬೇಕು.

ಆದರೆ ಹೇಳದಿರುವುದು ಬೇರೆ, ಇಲ್ಲ ಎಂದು ಹೇಳುವುದು ಬೇರೆ. ಪ್ರತಿ ಪಟ್ಟಿಯ ಕೊನೆಯಲ್ಲಿ 'ಕಾವಲು' ಒಂದು ಪ್ರಶ್ನೆ ಕೇಳುತ್ತದೆ: ಕಂಡ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ? ಹೌದು ಎಂದರೆ ಅದು ಪೂರ್ಣ ಪಟ್ಟಿ. ಪೂರ್ಣ ಪಟ್ಟಿಯಲ್ಲಿ ಎರೆಭೂತದ ಹೆಸರಿಲ್ಲ ಎಂದರೆ, ಅಲ್ಲಿಗೆ ಒಬ್ಬರು ಹೋಗಿದ್ದರು, ಹುಡುಕಿದರು, ಅದು ಇರಲಿಲ್ಲ ಎಂದು ಅರ್ಥ. ನೋಡಿದವರು ನುರಿತವರಾದಷ್ಟೂ ಆ 'ಇಲ್ಲ'ಕ್ಕೆ ತೂಕ ಹೆಚ್ಚು.

ಬಳ್ಳಾರಿ ಜಿಲ್ಲೆಯಲ್ಲಿ ಅತಿ ಹೆಚ್ಚು ತೂಕವಿದ್ದ ಮೂವರೂ ಒಂದೇ ಬಳಗದವರು. ತಾಲ್ಲೂಕು ಆಸ್ಪತ್ರೆಯ ಕ್ಷ-ಕಿರಣ ವಿಭಾಗದ ನಾಗವೇಣಿ, ಡ್ರಾಯಿಂಗ್ ಮೇಷ್ಟ್ರು ತಾಯಣ್ಣ, ಫೋಟೋ ಸ್ಟುಡಿಯೋದ ಖಾಜಾ. ಇವರು ಕಟ್ಟಿದ 'ಎರೆ ಹಕ್ಕಿ ಬಳಗ'ದ ಮೊಬೈಲ್ ಗುಂಪಿನಲ್ಲಿ ನೂರಾರು ಜನರಿದ್ದರು. ಚಳಿಗಾಲದಲ್ಲಿ ಬರುವ ಸೆಳೆವ, ಮಳೆಗಾಲದ ಚಾತಕ, ಹತ್ತು ವರ್ಷಕ್ಕೊಮ್ಮೆ ದಾರಿ ತಪ್ಪಿ ಇಳಿಯುವ ಯಾವುದೋ ಬಾತು, ಎಲ್ಲದರ ಸುದ್ದಿಯೂ ಅಲ್ಲಿಗೆ ಬರುತ್ತಿತ್ತು. ಒಂದರ ಹೊರತು. ಹಿಂದೊಮ್ಮೆ ಹದ್ದಿನ ಗೂಡೊಂದರ ಜಾಗ ಗುಂಪಿಗೆ ಬಿದ್ದು, ಭಾನುವಾರ ಜೀಪುಗಳ ಸಾಲು ಬಂದು, ಮರಿಗಳು ಬಿಸಿಲಿಗೆ ಸತ್ತಿದ್ದವು. ಅಂದಿನಿಂದ ಬಳಗಕ್ಕೆ ಒಂದೇ ಕಟ್ಟುಪಾಡು. ಗೂಡಿನ ಸುದ್ದಿ ಯಾರಿಗೂ ಹೇಳುವಂತಿಲ್ಲ. ಗುಂಪಿಗಿರಲಿ, ಒಬ್ಬರಿಗೊಬ್ಬರೂ ಹೇಳುವಂತಿಲ್ಲ.

ಸೆಪ್ಟೆಂಬರ್ ಮೊದಲ ವಾರ ಕರಿಯೂರಿನ ಎರೆ ಮಣ್ಣಿನ ಬಯಲಿನಲ್ಲಿ ನಾಗವೇಣಿಗೆ ಆ ಹಕ್ಕಿ ಕಂಡಿತು. ಹಿಂಗಾರಿ ಜೋಳಕ್ಕೆಂದು ಬೀಳುಬಿಟ್ಟ ಕಪ್ಪು ಹೊಲ, ಮೊಣಕಾಲೆತ್ತರದ ಹುಲ್ಲು. ಹುಲ್ಲಿನ ನಡುವೆ ಬೂದು ಬಿಳುಪಿನ ಒಂದು ಕುತ್ತಿಗೆ. ಅದು ಅಲುಗಲಿಲ್ಲ. ಹೆಣ್ಣು. ಕೂತಿರುವ ರೀತಿ ನೋಡಿದರೆ ಕೆಳಗೆ ಮೊಟ್ಟೆ ಇದೆ. ಎರೆಭೂತ ವರ್ಷಕ್ಕೆ ಇಡುವುದು ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. ನಾಲ್ಕು ವಾರ ತಾಯಿಯೊಂದೇ ಕಾವು ಕೊಡುತ್ತದೆ. ಕರಿಯೂರಿನಲ್ಲಿ ಕೊನೆಯ ಎರೆಭೂತ ಕಂಡು ಒಂಬತ್ತು ತಿಂಗಳಾಗಿತ್ತು. ಗೂಡು ಕಂಡು ಎಷ್ಟು ವರ್ಷವಾಯಿತೋ ಯಾರಿಗೂ ಖಚಿತವಿರಲಿಲ್ಲ.

ನಾಗವೇಣಿ ದುರ್ಬೀನು ಇಳಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ ನಡೆದಳು. ಒಡ್ಡಿನ ಮೇಲೆ ಕೂತು ಪಟ್ಟಿ ಬರೆದಳು. ಟಿಟ್ಟಿಭ, ನೆಲಗುಬ್ಬಿ, ಕಳಿಂಗ, ನೀಲಕಂಠ, ಗೌಜಲ. ಎರೆಭೂತ ಬರೆಯಲಿಲ್ಲ. ಜಾಗ ಮರೆಮಾಡುವ ಅನುಕೂಲ 'ಕಾವಲು' ತಂತ್ರಾಂಶದಲ್ಲಿ ಮೊದಲು ಇತ್ತು. ಯಂತ್ರ ನಿಲ್ಲಿಸಲೆಂದೇ ಸುಳ್ಳು ದಾಖಲೆ ಹಾಕುತ್ತಾರೆ ಎಂದು ಗಾಳಿ ಕಂಪನಿಗಳು ಕೋರ್ಟಿಗೆ ಹೋದ ಮೇಲೆ ಅದನ್ನು ತೆಗೆದಿದ್ದರು. ಈಗ ಪ್ರತಿ ಪಟ್ಟಿಯ ಜಾಗವೂ ಎಲ್ಲರಿಗೂ ಕಾಣುತ್ತದೆ, ಅಡಿ ಲೆಕ್ಕದ ನಿಖರತೆಯಲ್ಲಿ.

ಎಲ್ಲ ಬರೆದಿದ್ದೀರಾ ಎಂದು ಮೊಬೈಲು ಕೇಳಿತು. ಇಲ್ಲ ಎಂದು ಒತ್ತಬಹುದಿತ್ತು. ಆದರೆ ನಾಗವೇಣಿ ಪಟ್ಟಿ ಹಾಕದೆ ಬರುವವಳಲ್ಲ, ಅಪೂರ್ಣ ಪಟ್ಟಿ ಹಾಕುವವಳೂ ಅಲ್ಲ, ಇದು ಬಳಗಕ್ಕೆಲ್ಲ ಗೊತ್ತು. ಅವಳ ಪಟ್ಟಿ ಅಪೂರ್ಣ ಎಂದು ಬಂದರೆ, ಕರಿಯೂರಿನಲ್ಲಿ ಏನೋ ಇದೆ ಎಂದು ಆ ಸಂಜೆಯೇ ಹತ್ತು ಜನ ಊಹಿಸುತ್ತಿದ್ದರು. ಅವಳು ಹೌದು ಎಂದು ಒತ್ತಿದಳು. ಮುಂದಿನ ಮೂರು ವಾರ ಹಕ್ಕಿ ಕ್ಷೇಮವೇ ಎಂದು ದೂರದಿಂದ ನೋಡಿ ಬರಲು ಹೋದಾಗಲೆಲ್ಲ ಹಾಗೆಯೇ ಒತ್ತಿದಳು.

ನಾಗವೇಣಿಯ ಗಂಡ ಗಾದಿಲಿಂಗ ಕರಿಯೂರು ಗಾಳಿ ವಿದ್ಯುತ್ ಘಟಕದ ನಿಯಂತ್ರಣ ಕೊಠಡಿಯಲ್ಲಿ ಪಾಳಿ ಮುಖ್ಯಸ್ಥ. ಗೋಡೆಯ ತುಂಬ ಪರದೆಗಳು. ಎಡಗಡೆ ಮೂವತ್ತೆಂಟು ಯಂತ್ರಗಳ ವೇಗ, ಬಲಗಡೆ 'ಕಾವಲು' ನಕ್ಷೆ. ಮುಂಗಾರು ಗಾಳಿಯ ಕಾಲವೇ ವಿದ್ಯುತ್ತಿನ ಸುಗ್ಗಿ. ಆ ಸುಗ್ಗಿಯಲ್ಲೂ ಹದಿನೈದು ಯಂತ್ರಗಳು ಡಿಸೆಂಬರಿನಿಂದ ಕೈಕಟ್ಟಿ ನಿಂತಿದ್ದವು. ಅವುಗಳ ಮೇಲಿನ ವೃತ್ತ ಆಗಸ್ಟ್ ಕೊನೆಯವರೆಗೂ ಕಿತ್ತಳೆಯಾಗಿತ್ತು. ಸೆಪ್ಟೆಂಬರಿನಲ್ಲಿ ಅದು ಇದ್ದಕ್ಕಿದ್ದಂತೆ ತಿಳಿಯಾಗತೊಡಗಿತು.

"ಸಾರ್, ಹಳದಿಗೆ ಬಂತು ನೋಡ್ರಿ," ಎಂದ ಸಹಾಯಕ ಹುಲುಗಪ್ಪ. "ಮನ್ಯಾಗಿನ ಅಮ್ಮಾರು ವಾರಕ್ಕೆ ಎರಡು ಸಲ ಹೋಗಿ ಇಲ್ಲ ಇಲ್ಲ ಅಂತ ಬರೀಲಿಕತ್ತಾರ. ಕಂಪನಿಯವ್ರು ಅವ್ರಿಗೇ ಒಂದು ಸನ್ಮಾನ ಮಾಡ್ಬೇಕ್ರಿ."

"ಅವಳ ಮುಂದ ಹೇಳ್ಬೇಡ ಮಾರಾಯ. ನನಗ ಊಟ ಸಿಗಂಗಿಲ್ಲ."

"ಮೇಷ್ಟ್ರು, ಖಾಜಾಣ್ಣ ಸುದ್ದಾ ಹೋಗಿ ಬಂದಾರ. ಅವ್ರಿಗೂ ಕಂಡಿಲ್ಲ. ಹಕ್ಕಿ ಆಂಧ್ರದ ಕಡೀಗೆ ಹೋಗಿರ್ಬೇಕ್ರಿ."

ಗಾದಿಲಿಂಗ ಪಟ್ಟಿಗಳನ್ನು ತೆರೆದು ನೋಡಿದ. ಮೂವರದೂ ಪೂರ್ಣ ಪಟ್ಟಿ. ಒಂದು ನೆಲಗುಬ್ಬಿಯನ್ನೂ ಬಿಡದೆ ಎಣಿಸಿದ್ದರು. ಹೆಂಡತಿ ಇಲ್ಲ ಎಂದರೆ ಇಲ್ಲ. ಎಕ್ಸ್‌ರೇಯಲ್ಲಿ ಕೂದಲೆಳೆಯ ಬಿರುಕು ಕಂಡು ಡಾಕ್ಟರಿಗೆ ತೋರಿಸುವ ಕಣ್ಣು ಅದು. ಅವನಿಗೆ ಸ್ವಲ್ಪ ಬೇಸರವೇ ಆಯಿತು. ಹಕ್ಕಿ ಹೋದದ್ದರ ಬಗ್ಗೆ ಅವಳು ಮನೆಯಲ್ಲಿ ಒಂದು ಮಾತೂ ಆಡಿರಲಿಲ್ಲ. ದುಃಖಕ್ಕೆ ಇರಬೇಕು ಎಂದುಕೊಂಡು ತಾನೂ ಕೇಳಿರಲಿಲ್ಲ.

ಸೆಪ್ಟೆಂಬರಿನ ಕೊನೆಯ ಶನಿವಾರ ಮಧ್ಯಾಹ್ನ ವೃತ್ತ ಹಸಿರಾಯಿತು. ಯಂತ್ರಗಳು ಮರುದಿನ ಬೆಳಿಗ್ಗೆ ಬಿಡುಗಡೆ ಎಂದು ಆದೇಶ ಬಂತು. ಗಾದಿಲಿಂಗ ಅದಕ್ಕೆ ಒಪ್ಪಿಗೆ ಒತ್ತಿ, ಪಾಳಿ ಮುಗಿಸಿ ಮನೆಗೆ ಬಂದ.

ನಾಗವೇಣಿ ರೊಟ್ಟಿ ಬಡಿಯುತ್ತಿದ್ದಳು. ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಹೇಳಬೇಕೋ ಬೇಡವೋ ಎಂದು ತಡೆದು, ಹೇಳಿದ.

"ನಾಳೆ ಕರಿಯೂರು ಸಾಲಿನ ಫ್ಯಾನು ಬಿಡ್ತಾರ. ನೀ ಬ್ಯಾಸರ ಮಾಡ್ಕೋಬ್ಯಾಡ. ಹಕ್ಕಿ ಇಲ್ಲದ ಮ್ಯಾಲೆ ನಿಲ್ಸಿ ಏನು ಉಪಯೋಗ?"

ಬಡಿಯುವ ಸದ್ದು ನಿಂತಿತು.

"ಹೆಂಗ ಬಿಡ್ತಾರ್ರೀ? ಇನ್ನೂ ಮಾರ್ಚ್ ತನಕ ಐತಲ್ಲ?"

"ಸುಮ್ನ ಬಿಟ್ಟಿದ್ರ ಐತಿ. ನೀವು ಮೂರೂ ಮಂದಿ ಹೋಗಿ ಹೋಗಿ ಇಲ್ಲ ಅಂತ ಬರದ್ರಿ. ನಿಮ್ಮಷ್ಟು ತೂಕ ಈ ಜಿಲ್ಲಾದಾಗ ಯಾರಿಗೈತಿ? ಆರು ತಿಂಗಳ ಕೆಲಸ ಮೂರು ವಾರಕ್ಕ ಮುಗೀತು."

"ನಾ ಇಲ್ಲ ಅಂತ ಬರದಿಲ್ಲ. ಐತಿ ಅಂತ ಬರದಿಲ್ಲ, ಅಷ್ಟ."

"ಪೂರ್ಣ ಅಂತ ಒತ್ತೀಯಲ್ಲ. ಅದಕ್ಕ ಎರಡೂ ಒಂದ." ಅವನು ಹೆಂಡತಿಯ ಮುಖ ನೋಡಿದ. "ಯಾಕ? ಐತೇನು?"

ರೊಟ್ಟಿ ಹಂಚಿನ ಮೇಲೆ ಸೀಯತೊಡಗಿತು. ಅವಳು ಒಲೆ ಆರಿಸಿದಳು.

"ಕಾವು ಕೂತೈತಿ. ಮೊಟ್ಟಿ ಐತಿ."

ಗಾದಿಲಿಂಗ ಬಾಗಿಲ ಚೌಕಟ್ಟು ಹಿಡಿದುಕೊಂಡ. "ನನಗೊಂದು ಮಾತು ಹೇಳ್ಬಾರದಿತ್ತಾ?"

"ಯಾರಿಗೂ ಹೇಳಂಗಿಲ್ಲ ಅಂತ ನೇಮ ಐತಿ. ಅದ್ರಾಗ ನೀವು ಕಂಪನಿಯವ್ರು."

"ಕಂಪನಿಯವ್ನು! ಹದಿನೆಂಟು ವರ್ಷ ನಿನ್ನ ಕೈ ರೊಟ್ಟಿ ತಿಂದೀನಿ, ಕಂಪನಿಯವ್ನು!"

ಅವಳು ಸೀದ ರೊಟ್ಟಿ ತೆಗೆದು ಬದಿಗಿಟ್ಟಳು. ಆಮೇಲೆ ಅವನೇ ಹೇಳಿದ. ತನ್ನ ಮಾತಿಗೆ ಯಂತ್ರ ನಿಲ್ಲುವುದಿಲ್ಲ, ದಾಖಲೆಗೆ ಮಾತ್ರ ನಿಲ್ಲುತ್ತದೆ. ಅವಳು ಈಗಲೇ ದಾಖಲಿಸಬೇಕು, ಜಾಗದ ಸಮೇತ. ದಾಖಲಿಸಿದರೆ ನಾಳೆ ಭಾನುವಾರ ಜೀಪುಗಳು ಬರುತ್ತವೆ. ದಾಖಲಿಸದಿದ್ದರೆ, ಮೇಯಲು ಎದ್ದ ತಾಯಿ ಹಾರುವ ದಾರಿಯಲ್ಲಿ ಹದಿನೈದು ಯಂತ್ರಗಳು ತಿರುಗುತ್ತವೆ. ಎರೆಭೂತದ ಕಣ್ಣುಗಳು ತಲೆಯ ಎರಡು ಬದಿಗಿವೆ. ಹಾರುವಾಗ ಅದಕ್ಕೆ ನೇರ ಎದುರಿನದು ಸರಿಯಾಗಿ ಕಾಣುವುದಿಲ್ಲ. ಭಾರದ ಹಕ್ಕಿ, ಚಟ್ಟನೆ ಪಕ್ಕಕ್ಕೆ ತಿರುಗಲೂ ಆಗುವುದಿಲ್ಲ.

"ಮಂದಿಗೆ ಕೈಮುಗಿದು ದೂರ ನಿಲ್ರಿ ಅನ್ಬಹುದು. ಫ್ಯಾನಿಗೆ ಅನ್ನಾಕ ಬರಂಗಿಲ್ಲ," ಎಂದು ನಾಗವೇಣಿ ಮೊಬೈಲು ತೆಗೆದಳು. ಎರೆಭೂತ, ಹೆಣ್ಣು, ಒಂದು ಎಂದು ಬರೆದು ಕಳಿಸಿದಳು.

'ಕಾವಲು' ಒಪ್ಪಲಿಲ್ಲ. ಕರಿಯೂರಿನಲ್ಲಿ ಎರೆಭೂತ ಇಲ್ಲವೆಂದು ನುರಿತ ವೀಕ್ಷಕರಿಂದ ಹದಿನಾಲ್ಕು ಪೂರ್ಣ ಪಟ್ಟಿಗಳಿವೆ, ಅವುಗಳಲ್ಲಿ ಆರು ನಿಮ್ಮವೇ. ಈ ದಾಖಲೆಯನ್ನು ಪರಿಶೀಲನೆಗೆ ತಡೆಹಿಡಿಯಲಾಗಿದೆ ಎಂಬ ಉತ್ತರ ಬಂತು. ಅದರ ಕೆಳಗೆ ಇನ್ನೊಂದು ಸಾಲು: ಸುತ್ತಲಿನ ಎಲ್ಲ ನೋಂದಾಯಿತ ವೀಕ್ಷಕರಿಗೂ ಪರಿಶೀಲನೆಯ ಕರೆ ಕಳಿಸಲಾಗಿದೆ.

ಅವಳು ತಾಯಣ್ಣ ಮೇಷ್ಟ್ರಿಗೆ ಫೋನು ಮಾಡಿದಳು.

"ಮೇಷ್ಟ್ರೆ, ನೇಮ ಮುರಿದು ಕೇಳ್ತೀನಿ. ಕರಿಯೂರಾಗ ನೀವು ಏನರ ನೋಡೀರೇನು?"

ಆ ಕಡೆ ಮೇಷ್ಟ್ರ ದನಿ ತಗ್ಗಿತು. "ನಾಗವೇಣಮ್ಮ, ನೀವೂ?"

"ನಾನೂ."

"ಥೂ ನಮ್ಮ!" ಎಂದರು ಮೇಷ್ಟ್ರು. ಅವರು ಬೈದದ್ದನ್ನು ಅವಳು ಎಂದೂ ಕೇಳಿರಲಿಲ್ಲ. "ನಿಮ್ಮ ಪಟ್ಟಿ ನೋಡಿ ನಾ ಎಷ್ಟು ಸಮಾಧಾನಪಟ್ಟೆ ಗೊತ್ತೇನು? ಸದ್ಯ, ನಾಗವೇಣಮ್ಮನ ಕಣ್ಣಿಗೇ ಬಿದ್ದಿಲ್ಲ, ಇನ್ಯಾರ ಕಣ್ಣಿಗೂ ಬೀಳಂಗಿಲ್ಲ ಅಂತ."

ಅವರೂ ದಾಖಲೆ ಕಳಿಸಿದರು. ತಮ್ಮದೇ ಐದು ಪಟ್ಟಿಗಳಿಗೆ ವಿರುದ್ಧವಾಗಿದೆ ಎಂದು ಅದನ್ನೂ ತಡೆಹಿಡಿಯಲಾಯಿತು. ಹೇಳಿದ ಮಾತು ಬದಲಿಸಿದ ವೀಕ್ಷಕರ ತೂಕ ಇಳಿಯುತ್ತದೆ. ಸಂಜೆ ಏಳರ ಹೊತ್ತಿಗೆ ಜಿಲ್ಲೆಯ ಇಬ್ಬರು ಉತ್ತಮ ವೀಕ್ಷಕರಿಗೆ ನಿನ್ನೆ ಮೊನ್ನೆ ಸೇರಿದವರಷ್ಟೂ ತೂಕವಿರಲಿಲ್ಲ.

ಆಮೇಲೆ ಅವಳು ಖಾಜಾನಿಗೆ ಫೋನು ಮಾಡಿದಳು. ಅವನೂ ಹಕ್ಕಿಯನ್ನು ಕಂಡಿದ್ದ, ಅವನ ಬಳಿ ಫೋಟೋ ಇತ್ತು. ಎರಡು ಹೊಲ ಆಚೆಯಿಂದ ತೆಗೆದದ್ದು. ಹುಲ್ಲಿನ ನಡುವೆ ಕುತ್ತಿಗೆ ಸ್ಪಷ್ಟವಾಗಿತ್ತು.

"ಅಕ್ಕಾ, ಅದೂ ನಡೆಯಂಗಿಲ್ಲ," ಎಂದ ಅವನು. "ಯಾರಿಗರ ಸಿಕ್ಕೀತು ಅಂತ ಫೋಟೋದಾಗಿಂದ ಜಾಗ, ತಾರೀಖು ಎಲ್ಲಾ ಅಳಿಸಿಟ್ಟೀನಿ. ಕಾರ್ಡೂ ಒರೆಸಿ ಹಾಕೀನಿ. ಇದನ್ನ ಕಳಿಸಿದ್ರ ಎಲ್ಲಿದು ಅಂತ ಕೇಳ್ತದ, ನನ್ನ ಮಾತು ಬಿಟ್ರ ಗುರುತಿಲ್ಲ." ಆದರೂ ಕಳಿಸಿದ. ಬಂದ ಉತ್ತರ ಅವನು ಹೇಳಿದಂತೆಯೇ ಇತ್ತು.

ಭಾನುವಾರ ಬೆಳಕು ಹರಿಯುವ ಮುನ್ನ ಗಾದಿಲಿಂಗ ಕೊಠಡಿಯಲ್ಲಿದ್ದ. ದುರಸ್ತಿಯ ಹೆಸರಿನಲ್ಲಿ ಮೂರು ಯಂತ್ರಗಳನ್ನು ನಿಲ್ಲಿಸುವ ಅಧಿಕಾರ ಪಾಳಿ ಮುಖ್ಯಸ್ಥನಿಗಿತ್ತು. ಗೂಡಿಗೆ ಹತ್ತಿರದ ಮೂರನ್ನು ಆರಿಸಿ, ಕಾರಣದ ಜಾಗದಲ್ಲಿ ಕಂಪನ ಎಂದು ಬರೆದ. ಹುಲುಗಪ್ಪ ಕಂಪನವನ್ನೇ ತೋರಿಸದ ಮೀಟರು ನೋಡಿ, ಸಾಹೇಬರ ಮುಖ ನೋಡಿ, ಚಹಾ ತರಲು ಹೋದ. ಉಳಿದ ಹನ್ನೆರಡು ಯಂತ್ರಗಳು ಒಂದೊಂದಾಗಿ ತಿರುಗತೊಡಗಿದವು.

ಅದೇ ಹೊತ್ತಿಗೆ ನಾಗವೇಣಿ, ಮೇಷ್ಟ್ರು, ಖಾಜಾ ಕರಿಯೂರು ಕಡೆಯ ಬಂಡಿದಾರಿಗೆ ಅಡ್ಡ ನಿಂತಿದ್ದರು. ವಾಹನಗಳು ಬಂದವು. ಹೊಸಪೇಟೆಯವು, ರಾಯಚೂರಿನವು, ಎರಡು ಬೆಂಗಳೂರಿನವು. ಜನ ಕೆಟ್ಟವರಲ್ಲ. ಬಹುತೇಕರು ಹೇಳಿದ ಕಡೆ, ದಾರಿಬದಿಯ ಒಡ್ಡಿನ ಮೇಲೆ ನಿಂತರು.

"ನಾವೇನು ಮೋಜಿಗೆ ಬಂದಿಲ್ರೀ, ಪರಿಶೀಲನೆಗೆ ಕರೆದಾರ, ಬಂದೀವಿ," ಎಂದ ಒಬ್ಬ.

"ಇಲ್ಲಿಂದಾನ ಪರಿಶೀಲನೆ ಮಾಡ್ರಪ್ಪ," ಎಂದರು ಮೇಷ್ಟ್ರು.

"ಇಲ್ಲಿಂದ ಬರೀ ಹುಲ್ಲು ಕಾಣ್ತದ ಸಾರ್. ಹುಲ್ಲು ನೋಡಿ ಹಕ್ಕಿ ಐತಿ ಅಂತ ಬರೀಲಾ? ನಿಮ್ಮಂಗ?"

ಮೇಷ್ಟ್ರು ತಲೆ ತಗ್ಗಿಸಿದರು. ಮೂವರೂ ಮಾತು ಬದಲಿಸಿದ ಸುದ್ದಿ ಅಷ್ಟರಲ್ಲೇ ಎಲ್ಲ ಗುಂಪುಗಳಲ್ಲಿ ಓಡಾಡಿತ್ತು.

ಬಂಡಿದಾರಿ ಒಂದೇ ಅಲ್ಲ, ಕಾಲುವೆಯ ಏರಿಯ ಮೇಲೂ ಒಂದು ದಾರಿ ಇದೆ. ಊರಿನವರಿಗೆ ಗೊತ್ತಿದ್ದ ದಾರಿ. ಹೊರಗಿನವರಿಗೆ ಮೊಬೈಲಿನ ನಕ್ಷೆ ತೋರಿಸುತ್ತದೆ ಎಂದು ಮೂವರಿಗೂ ಹೊಳೆಯಲಿಲ್ಲ. ಆ ಕಡೆಯಿಂದ ಬಿಳಿ ಜೀಪೊಂದು ಏರಿ ಇಳಿದು, ಬೀಳು ಹೊಲದ ಅಂಚಿಗೆ ಬಂದು ನಿಂತಿತು. ಬಾಗಿಲು ತೆರೆದ ಸದ್ದು ಇಲ್ಲಿಗೂ ಕೇಳಿಸಿತು.

ಹಕ್ಕಿ ಎದ್ದು ನಿಂತಿತು. ನಾಲ್ಕು ಹೆಜ್ಜೆ ಓಡಿತು. ಆಮೇಲೆ ರೆಕ್ಕೆ ಬಿಚ್ಚಿತು. ಒಡ್ಡಿನ ಮೇಲಿದ್ದ ಕ್ಯಾಮೆರಾಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು.

ಇಷ್ಟು ವೀಕ್ಷಕರು, ಇಷ್ಟು ಫೋಟೋ, ಎಲ್ಲದರಲ್ಲೂ ಜಾಗವಿದೆ, ಹೊತ್ತಿದೆ. 'ಕಾವಲು' ತಂತ್ರಾಂಶಕ್ಕೆ ಇನ್ನೇನೂ ಬೇಕಿರಲಿಲ್ಲ. ನಿಯಂತ್ರಣ ಕೊಠಡಿಯ ಬಲಗಡೆಯ ಪರದೆಯಲ್ಲಿ ಹಸಿರು ವೃತ್ತ ಒಮ್ಮೆಲೇ ಗಾಢ ಕೆಂಪಾಯಿತು. ಹನ್ನೆರಡೂ ಯಂತ್ರಗಳಿಗೆ ನಿಲುಗಡೆಯ ಆಜ್ಞೆ ಹೋಯಿತು.

"ಹುಲುಗಪ್ಪ, ಬಂತು! ಒಪ್ಪಿಗೆ ಬಂತು!" ಗಾದಿಲಿಂಗ ಎದ್ದುನಿಂತಿದ್ದ. ವೇಗದ ಅಂಕಿಗಳು ಇಳಿಯುತ್ತಿದ್ದವು. ಅಷ್ಟು ದೊಡ್ಡ ರೆಕ್ಕೆ ಪೂರ್ತಿ ನಿಲ್ಲಲು ಸುಮಾರು ಒಂದು ನಿಮಿಷ ಬೇಕು. ಅವನು ಹೆಂಡತಿಗೆ ಫೋನು ಮಾಡಿದ. ಗಂಟೆ ಹೊಡೆಯುತ್ತಲೇ ಇತ್ತು, ಅವಳು ಎತ್ತಲಿಲ್ಲ. ಮತ್ತೆ ಮಾಡಿದ. ಸಂತೋಷಕ್ಕೆ ಎತ್ತುತ್ತಿಲ್ಲ ಎಂದುಕೊಂಡು, ಹುಲುಗಪ್ಪ ತಂದಿಟ್ಟ ಚಹಾ ಕುಡಿದ.

ಹಕ್ಕಿ ಅವನು ನಿಲ್ಲಿಸಿದ್ದ ಮೂರು ಯಂತ್ರಗಳ ನಡುವಿನಿಂದ ಸುರಕ್ಷಿತವಾಗಿ ದಾಟಿತ್ತು. ಆಚೆಯ ಸಾಲಿನಲ್ಲಿ, ಆಗಲೇ ನಿಧಾನವಾಗುತ್ತಿದ್ದ ಯಂತ್ರವೊಂದರ ರೆಕ್ಕೆ ಅದಕ್ಕೆ ತಗುಲಿತು. ಒಡ್ಡಿನ ಮೇಲಿದ್ದವರಿಗೆ ಸದ್ದು ಕೇಳಿಸಲಿಲ್ಲ. ಗಾಳಿಯಲ್ಲಿ ಪುಕ್ಕಗಳು ಚೆದುರಿದ್ದು ಮಾತ್ರ ಕಂಡಿತು.

ಜನ ಗೋಪುರದ ಬುಡಕ್ಕೆ ಓಡಿದರು. ಕೆಲವರು ಅಳುತ್ತಿದ್ದರು. ಜೀಪಿನವನು ಎಲ್ಲರಿಗೂ ವಿವರಣೆ ಕೊಡುತ್ತಿದ್ದ, ಯಾರೂ ಕೇಳುತ್ತಿರಲಿಲ್ಲ. ಅರಣ್ಯ ಇಲಾಖೆಯವರಿಗೆ ಹೇಳಿ ಕಳಿಸಿದರು. ಅವರು ಬರುವವರೆಗೂ ಹೋಗುವುದಿಲ್ಲವೆಂದು ಜನ ಅಲ್ಲೇ ಕೂತರು. ಮಾತು ಸುತ್ತಿಬಳಸಿ ಒಂದಕ್ಕೇ ಬರುತ್ತಿತ್ತು. ಮೊಟ್ಟೆ ಎಲ್ಲಿದೆ?

ಮೊಟ್ಟೆ ಎಲ್ಲಿದೆ ಎಂದು ಮೂವರಿಗೆ ಗೊತ್ತಿತ್ತು. ನಾಗವೇಣಿ ದಾಖಲಿಸಿದ್ದು ತಾನು ಕೂತು ಪಟ್ಟಿ ಬರೆದಿದ್ದ ಒಡ್ಡಿನ ಜಾಗವನ್ನು. ಗೂಡು ಅಲ್ಲಿಂದ ದೂರದಲ್ಲಿತ್ತು; ಹಕ್ಕಿ ಎದ್ದದ್ದನ್ನು ಕಂಡವರಿಗೂ ಆ ಹುಲ್ಲಿನಲ್ಲಿ ಸರಿಯಾದ ಜಾಗ ಸಿಗುವಂತಿರಲಿಲ್ಲ. ಮಣ್ಣಿನ ಬಣ್ಣದ ಮೊಟ್ಟೆ, ಗುರುತಿಲ್ಲದವರಿಗೆ ಕಾಣುವಂಥದ್ದಲ್ಲ. ಗುರುತಿಲ್ಲದೆ ಹುಡುಕಿದರೆ ಕಾಲಡಿಗೆ ಬೀಳುತ್ತದೆ. ತಾವು ಆ ಕಡೆ ಹೆಜ್ಜೆ ಇಟ್ಟರೆ ಎಲ್ಲರೂ ಹಿಂದೆ ಬರುತ್ತಾರೆ. ಖಾಜಾ ಒಮ್ಮೆ ನಾಗವೇಣಿಯ ಮುಖ ನೋಡಿದ. ಅವಳು ಬೇಡವೆಂದು ತಲೆಯಾಡಿಸಿದಳು. ಮೇಷ್ಟ್ರು ಜನರಿಗೆ, "ನಮಗೂ ಸರಿಯಾಗಿ ತಿಳೀದಪ್ಪ," ಎಂದರು.

ಮೋಡವಿರಲಿಲ್ಲ. ಎರೆಯ ಮೇಲೆ ಬಿಸಿಲು ಏರಿತು. ಇಲಾಖೆಯವರು ಬಂದರು, ಪಂಚನಾಮೆಯಾಯಿತು, ಹಕ್ಕಿಯನ್ನು ಗೋಣಿಯಲ್ಲಿ ಸುತ್ತಿ ಒಯ್ದರು. ಅದಾದ ಮೇಲೂ ಕೊನೆಯ ವಾಹನ ಹೊರಡಲು ಬಹಳ ಹೊತ್ತು ಹಿಡಿಯಿತು. ದೂಳು ಅಡಗಿದ ಮೇಲೆ ಮೂವರೂ ಹುಲ್ಲಿನೊಳಗೆ ನಡೆದರು.

ಮೊಟ್ಟೆ ಒಡೆದಿರಲಿಲ್ಲ. ನಾಗವೇಣಿ ಅದನ್ನು ಎರಡೂ ಅಂಗೈಯಲ್ಲಿ ಎತ್ತಿಕೊಂಡಳು. ಬಿಸಿಯಾಗಿತ್ತು. "ಬೆಚ್ಚಗೈತಿ ಮೇಷ್ಟ್ರೆ," ಎಂದಳು. ಖಾಜಾ ಲೆನ್ಸಿನ ಪೆಟ್ಟಿಗೆ ಖಾಲಿ ಮಾಡಿ ಹತ್ತಿ ಹಾಸಿದ. ಕೃತಕ ಕಾವಿನ ಕೇಂದ್ರವಿದ್ದದ್ದು ಬಳ್ಳಾರಿಯಲ್ಲಿ. ದಾರಿಯುದ್ದಕ್ಕೂ ಪೆಟ್ಟಿಗೆ ಅವಳ ತೊಡೆಯ ಮೇಲಿತ್ತು. ಗಾದಿಲಿಂಗನ ಫೋನು ಈಗ ಎತ್ತಿದಳು. "ಮೊಟ್ಟಿ ಸಿಕ್ಕೈತಿ, ಒಯ್ಯಾಕತ್ತೀವಿ," ಎಂದಷ್ಟೇ ಹೇಳಿದಳು. ತಾಯಿ ಸತ್ತದ್ದು ಅವನಿಗೆ ಅಷ್ಟರಲ್ಲಿ ಗೊತ್ತಾಗಿತ್ತು.

ಕೇಂದ್ರದ ಪಶುವೈದ್ಯೆ ಸಣ್ಣ ವಯಸ್ಸಿನವಳು. ಮೊಟ್ಟೆಯನ್ನು ಕತ್ತಲೆ ಕೋಣೆಗೆ ಒಯ್ದು, ಹಿಂದಿನಿಂದ ದೀಪ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ದೀಪ ಆರಿಸಿ, ಬಾಗಿಲು ತೆರೆದಳು.

"ಮರಿ ಪೂರ್ತಿ ಬೆಳೆದಿತ್ತು," ಎಂದಳು. "ಇನ್ನು ನಾಲ್ಕೈದು ದಿನ ಆಗಿದ್ದರೆ ಹೊರಗೆ ಬರುತ್ತಿತ್ತು. ಬಿಸಿಲಿನ ತಾಪಕ್ಕೆ ಹೋಗಿದೆ. ಬೆಳಿಗ್ಗೆಯ ಹೊತ್ತಿಗೆ ಬದುಕಿತ್ತು ಅನ್ನಿಸುತ್ತೆ. ತಾಯಿ ಎದ್ದದ್ದು ಯಾವಾಗ?"

"ಏಳರ ಸುಮಾರಿಗೆ," ಎಂದಳು ನಾಗವೇಣಿ.

"ಈಗ ನಾಲ್ಕು ಗಂಟೆ." ವೈದ್ಯೆಗೆ ಅರ್ಥವಾಗಲಿಲ್ಲ. "ನೀವು ಮೂವರೂ ಅಲ್ಲೇ ಇದ್ದಿರಿ ಅಂತೀರಿ. ಗೂಡಿನ ಜಾಗವೂ ಗೊತ್ತಿತ್ತು ಅಂತೀರಿ. ಕೂಡಲೇ ಯಾಕೆ ತರಲಿಲ್ಲ?"

ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. ಖಾಜಾ ಪೆಟ್ಟಿಗೆಯಿಂದ ಹತ್ತಿ ತೆಗೆಯುತ್ತಿದ್ದ.

"ಮಂದಿ ಇದ್ರು, ಡಾಕ್ಟ್ರೇ," ಎಂದಳು ನಾಗವೇಣಿ.